ನಡೆದು ಹೋದ ವಾಕರ್‌ಗಳು

ಕಂಪ್ಯೂಟರ್ ಪರದೆಯ ಮೇಲಿದ್ದ ನಲವತ್ತು ಅವಳ ಕಣ್ಣೆದುರೇ ಮೂವತ್ತೊಂಬತ್ತಾಯಿತು.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಮೂವತ್ತೊಂಬತ್ತೇ. ಗಿರಾಕಿ ಇಲ್ಲ, ಬಿಲ್ ಇಲ್ಲ, ಗೋದಾಮಿನಿಂದ ಮತ್ತೊಂದು ವಾಕರ್ ಮಾಯ. ಮುದುಕರು ಹಿಡಿದು ನಡೆಯುವ ನಾಲ್ಕು ಕಾಲಿನ ಚೌಕಟ್ಟು ಅದು. ಜೇಬಿಗೆ ಹಾಕಿಕೊಂಡು ಹೋಗುವ ಸಾಮಾನಲ್ಲ.

"ಸರ್, ಈಗಷ್ಟೇ ಇನ್ನೊಂದು ಹೋಯ್ತು," ಎಂದಳು ಫೋನಿನಲ್ಲಿ. ಇದು ಏಳನೆಯದು.

ಮಾಲೀಕ ದಡದಡ ಮೆಟ್ಟಿಲಿಳಿದು ಗೋದಾಮಿಗೆ ಓಡಿದ. ಅವಳೂ ಹಿಂದೆಯೇ ಹೋದಳು. ಸಾಮಾನಿನ ಗಾಡಿ ಆಗಲೇ ಗೇಟು ದಾಟಿತ್ತು. ಗೋದಾಮು ಕಾಯುವವ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. ಬೀಗದ ಕೈಯನ್ನು ಸದಾ ಕೊರಳಿಗೆ ಕಟ್ಟಿಕೊಂಡಿರುತ್ತಿದ್ದುದರಿಂದ ಎಲ್ಲರಿಗೂ ಅವನು ಬೀಗಣ್ಣ.

"ವಾಕರ್ ಎಲ್ಲಿಗೆ ಕಳಿಸಿದೆ?"

"ಹಳದಿ ಚೀಟಿ ಬಂತು, ಕಾಲಿಗೆ ಅಂಟಿಸಿ ಗಾಡಿಗೆ ಹಾಕಿದೆ. ಬಿಳೀದು ಬಂದ್ರೆ ಮಾರಾಟ, ಹಳದಿ ಬಂದ್ರೆ ಬದಲಿ ಮಾಲು. ವಿಳಾಸ ಓದೋದು ಗಾಡಿಯವನ ಕೆಲಸ."

"ಬದಲಿ ಕೊಡಿ ಅಂತ ಒಬ್ಬರೂ ಫೋನ್ ಮಾಡಿಲ್ಲ. ಕೆಟ್ಟ ವಾಕರ್ ಒಂದೂ ವಾಪಸ್ ಬಂದಿಲ್ಲ. ಚೀಟಿ ಏನು ಆಕಾಶದಿಂದ ಉದುರ್ತಾ?" ಮಾಲೀಕ ಅವಳತ್ತ ತಿರುಗಿದ. "ಮೇಡಂ, ಯಂತ್ರ ತಾನಾಗೇ ಚೀಟಿ ಮುದ್ರಿಸುತ್ತಾ?"

"ಇಲ್ಲ ಸರ್. ಯಾರಾದ್ರೂ ಕೇಳಿದ್ರೇನೇ."

"ಕೇಳಿಸ್ಕೊಂಡೆಯಾ?" ಎಂದ ಮಾಲೀಕ. ಬೀಗಣ್ಣನ ಕೈ ತಂತಾನೇ ಕೊರಳಿನ ಬೀಗದ ಕೈಯನ್ನು ಹಿಡಿದುಕೊಂಡಿತು. "ನೋಡಿ ಮೇಡಂ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ."

ದಿನವಿಡೀ ಕೂತು ಸೆಟೆದಿದ್ದ ತನ್ನ ಹೆಗಲನ್ನು ತಿಕ್ಕಿಕೊಳ್ಳುತ್ತ ಅವಳು ತಲೆಯಾಡಿಸಿದಳು. ಪಾಪ ಅನ್ನಿಸಿತು. ಆದರೆ ಪರದೆ ಸುಳ್ಳು ಹೇಳುವುದಿಲ್ಲವಲ್ಲ.

ಆಸ್ಪತ್ರೆ ಸಾಮಾನುಗಳ ಆ ಅಂಗಡಿಯ ವೆಬ್‌ಸೈಟಿಗೂ ಗೋದಾಮಿನ ಲೆಕ್ಕಕ್ಕೂ ನಂಟು ಬೆಸೆಯುವುದು ಅವಳ ಕೆಲಸ. ಮೊದಲು ಲೆಕ್ಕದ ನಕಲೊಂದರ ಮೇಲೆ ಕೈ ಪಳಗಿಸಿ, ಎಲ್ಲ ಸರಿಯಾದ ಮೇಲೆ ಅಸಲಿಗೆ ಜೋಡಿಸುವುದು ಕ್ರಮ. ಮಾಲೀಕನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬ್ಯಾಂಕಿನವರು ಬಂದ ದಿನ, "ನಕಲು ಗಿಕಲು ಬೇಡ, ಅಸಲಿದ್ದೇ ತೋರಿಸಿ," ಎಂದು ಪಟ್ಟು ಹಿಡಿದ. ಬಂದವರು ಕಾಫಿ ಕುಡಿದು ಏಳುವವರೆಗೆ ಎಂದುಕೊಂಡು ಅವಳು ಅಸಲು ಲೆಕ್ಕ ಜೋಡಿಸಿ ತೋರಿಸಿದಳು. ಅವರು ಎದ್ದರು. ಅವರನ್ನು ಬೀಳ್ಕೊಟ್ಟು ಬಂದ ಮಾಲೀಕ ಹಸಿರು ಗುಂಡಿಗಳೆಲ್ಲ ನೀಲಿಯಾಗಲಿ ಎಂದ. ಆಮೇಲೆ ನೀಲಿ ಬೇಡ ಎಂದ.

ಅಂದಿನಿಂದ ಗಾಣದೆತ್ತಿನ ಬಾಳು. ಒಂದು ಸಾಲು ತಿದ್ದುವುದು, ಪಟ್ಟಿಯ ಮೊದಲ ಸಾಮಾನಿಗೆ ಒಂದು ಸುಳ್ಳು ಬೇಡಿಕೆ ಹಾಕಿ ನೋಡುವುದು, ಮತ್ತೆ ತಿದ್ದುವುದು. ಹೆಸರು, ವಿಳಾಸ ಕೇಳಿದಲ್ಲಿ ಬೆರಳಿಗೆ ರೂಢಿಯಾದದ್ದು ಬೀಳುತ್ತಿತ್ತು. ಹಣ ಕಟ್ಟುವ ರಗಳೆ ತಪ್ಪಲೆಂದು ಹತ್ತಿರದ ದಾರಿ ಹಿಡಿಯುತ್ತಿದ್ದಳು. ಇದರ ನಡುವೆ ಕಳ್ಳತನ ಬೇರೆ ಶುರುವಾಗಿ, ಗೋದಾಮಿನ ಮೇಲೆ ಕಣ್ಣಿಡಲು ಪಕ್ಕದಲ್ಲಿ ಎರಡನೆಯ ಪರದೆ ಬಂದು ಕೂತಿತು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಗಂಡ ಹೆಂಡತಿ ಅತ್ತೆಯ ಮನೆ ಬಿಟ್ಟು, ಎರಡು ಬೀದಿಯಾಚೆ ಬೇರೆ ಮನೆ ಮಾಡಿ ವರ್ಷ ತುಂಬಿರಲಿಲ್ಲ. ಆಗ ನಗುನಗುತ್ತ ಪಾತ್ರೆ ಕಟ್ಟಿಕೊಟ್ಟಿದ್ದ ಅತ್ತೆ ಈಚೆಗೆ ಯಾಕೋ ಮುಖ ಗಂಟು ಹಾಕಿಕೊಂಡಿದ್ದರು. ಲಿಫ್ಟ್ ಇದ್ದರೂ ಮೂರು ಮಹಡಿ ಮೆಟ್ಟಿಲೇ ಹತ್ತುವ ಗಟ್ಟಿಗಿತ್ತಿ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಅಂದು ಸಂಜೆ ಎತ್ತಿದರು.

"ಹೇಗಿದ್ದೀರಾ ಅತ್ತೆ?"

"ಇನ್ನೂ ಬಿದ್ದಿಲ್ಲಮ್ಮ. ಬೀಳ್ತೀನಿ ಅಂತ ಕಾಯ್ತಿದ್ದೀಯಾ?"

"ಅಯ್ಯೋ, ಯಾಕೆ ಹೀಗಂತೀರಿ?"

"ಹೇಳೋದಿದ್ರೆ ಬಾಯಿಬಿಟ್ಟು ಹೇಳ್ಬೇಕು. ಹೀಗೆ ದಿನಾ ಚುಚ್ಚಬಾರದು." ಫೋನ್ ಇಟ್ಟರು.

ಬೇರೆ ಹೋದ ಸಿಟ್ಟು ಈಗ ಹೊರಬರುತ್ತಿದೆ ಎಂದುಕೊಂಡಳು. ಯೋಚಿಸಲೂ ತ್ರಾಣ ಉಳಿದಿರಲಿಲ್ಲ.

ಮರುದಿನ ಮಾಲೀಕ ಬೀಗಣ್ಣನಿಗೆ ಇನ್ನು ಬರಬೇಡ ಎಂದುಬಿಟ್ಟ. "ಸೋಮವಾರ ಕೂತು ಎಲ್ಲ ತೆಗೆದು ನೋಡ್ತೀನಿ ಸರ್," ಎಂದು ಅವಳು ತಡೆದು ನೋಡಿದಳು. "ಸೋಮವಾರ ಪೊಲೀಸರೇ ನೋಡ್ಕೋತಾರೆ," ಎಂದ. ಬೀಗಣ್ಣ ಅವಳ ಮೇಜಿನ ಬಳಿ ಬಂದು ಕೊರಳಿನ ದಾರ ಬಿಚ್ಚಿದ. ಕತ್ತಿನ ಮೇಲೆ ಬಿಳಿಯ ಗೆರೆ ಬಿದ್ದಿತ್ತು.

"ಇದನ್ನ ನೀವೇ ಕೊಟ್ಬಿಡಿ ಅಮ್ಮ. ಅವರ ಮುಖ ನೋಡೋಕೆ ನನ್ನ ಕೈಲಾಗಲ್ಲ. ನನ್ನ ಮಗಳು ಕೇಳಿದ್ರೆ ಏನು ಹೇಳ್ಲಿ ಅಂತ ಗೊತ್ತಾಗ್ತಿಲ್ಲ."

ಅವಳು ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಗಂಡ ಬಿಡಲಿಲ್ಲ. "ಅಮ್ಮನ ಹತ್ರ ಏನಿದ್ರೂ ಮಾತಾಡಿ ಮುಗಿಸು, ಬಾ," ಎಂದು ಕರೆದುಕೊಂಡು ಹೋದ. ಅತ್ತೆ ಬಾಗಿಲು ತೆರೆದರು, ಮಗನನ್ನು ಮಾತಾಡಿಸಿದರು, ಸೊಸೆಯ ಕಡೆ ನೋಡಲಿಲ್ಲ. ಅವಳು ಸೋಫಾದ ಅಂಚಿನಲ್ಲಿ ಕೂತಳು. ಅಳು ಬರುವಷ್ಟು ದಣಿವು.

"ಅತ್ತೆ, ನನ್ನಿಂದ ಏನು ತಪ್ಪಾಯ್ತು ಹೇಳಿ. ಕಾಲಿಗೆ ಬೀಳ್ತೀನಿ."

"ನನ್ನ ಕಾಲಿನ ಚಿಂತೆ ನಿಂಗೆ ಜಾಸ್ತಿ ಆಯ್ತು," ಎಂದರು ಅತ್ತೆ. "ಮೋಡ ಆಗ್ತಿದೆ. ಹೋಗು, ಬಾಲ್ಕನಿಯಲ್ಲಿ ಬಟ್ಟೆ ಒಣಗಿರುತ್ತೆ, ಎತ್ಕೊಂಡು ಬಾ."

ಚೀಲವನ್ನು ಹೆಗಲಿನಿಂದ ಇಳಿಸದೆಯೇ ಹೋಗಿ ಬಾಗಿಲು ತಳ್ಳಿದಳು.

ಸಾಲಾಗಿ ನಿಂತ ಏಳು ಹೊಸ ವಾಕರ್‌ಗಳ ಮೇಲೆ ಅತ್ತೆಯ ಬಟ್ಟೆ ಒಣಗುತ್ತಿತ್ತು. ಒಂದೊಂದರ ಕಾಲಿಗೂ ಒಂದು ಹಳದಿ ಚೀಟಿ, ಚೀಟಿಯಲ್ಲಿ ಅವಳ ಬೆರಳಿಗೆ ರೂಢಿಯಾದ ಈ ಮನೆಯ ವಿಳಾಸ.