ಹಳೆಯ ಫ್ರಾಕಿನ ಅಳತೆ

"ಮೊಮ್ಮಗಳಿಗೆ ಧಾರಾಳವಾಗಿ ಮುತ್ತು ಕೊಡಿ ಅಜ್ಜಿ, ಏನೂ ಆಗಲ್ಲ," ಎಂದು ಡಾಕ್ಟರು ನಕ್ಕಾಗ, ಮಗಳ ಮಡಿಲಲ್ಲಿದ್ದ ಹಸುಗೂಸಿನತ್ತ ಬಾಗಿದ್ದ ಟೈಲರಮ್ಮ ಹಾಗೇ ನಿಂತಳು.

"ಈಗ ಮಾತ್ರೆ ಬಂದಿದೆಯಲ್ಲ, ಅದಕ್ಕಾ?"

"ಮಾತ್ರೆ ತಗೊಂಡ್ರೆ ನೀವು ಗುಂಡುಕಲ್ಲಿನ ಹಾಗಿರ್ತೀರಿ. ಆದ್ರೆ ಮುತ್ತಿನಿಂದ ಎಚ್‌ಐವಿ ಆವಾಗಲೂ ಹರಡ್ತಿರಲಿಲ್ಲ."

ಇಪ್ಪತ್ತೆಂಟು ವರ್ಷದ ಹಿಂದೆ, ಇನ್ನೆರಡೇ ವರ್ಷ ಬದುಕುತ್ತೀಯ ಎಂದಿದ್ದ ಆಸ್ಪತ್ರೆಯವರು ಮಗುವನ್ನು ಮುಟ್ಟಬೇಡ ಎಂದೂ ಹೇಳಿದ್ದರು. ಟೈಲರಮ್ಮ ಆ ಮಾತನ್ನು ಮೀರಲಿಲ್ಲ. ಮಗಳಿಗೆ ಊರಿಗೇ ಚೆಂದದ ಫ್ರಾಕು ಹೊಲಿಯುತ್ತಿದ್ದಳು; ಮೈ ಸೋಕೀತೆಂದು ಅಳತೆಯನ್ನು ಮಾತ್ರ ಹಳೆಯ ಫ್ರಾಕಿನಿಂದಲೇ ತೆಗೆಯುತ್ತಿದ್ದಳು.

ಈಗ ಎರಡೂ ಕೈಗಳನ್ನು ಮಗಳ ಕೆನ್ನೆಯತ್ತ ಚಾಚಿದಳು. ಮಗಳು ತನಗರಿವಿಲ್ಲದೆ ಹಿಂದೆ ಸರಿದಳು.

"ಬೇಡಮ್ಮಾ," ಎಂದಳು ಮೆಲ್ಲಗೆ, "ನಂಗೆ ಅಭ್ಯಾಸ ಇಲ್ಲ."