ಸಡಿಲ ಗಂಟು

ಕಂಬದ ತುದಿಯಲ್ಲಿ ಲೈನ್‌ಮನ್ ಗುರುಪಾದಯ್ಯನ ಬೆರಳಿಗೆ ಆ ಗಂಟು ಸಿಕ್ಕಿತು. ತಂತಿ ಹಿಡಿದ ಪಿಂಗಾಣಿ ಬಟ್ಟಲಿನ ಹಿಂದೆ, ಕೂದಲಿನಂಥ ತಾಮ್ರದ ಎಳೆಯೊಂದು ಟೆಲಿಫೋನ್ ತಂತಿಗೆ ಅಂಟಿಕೊಂಡು, ಬೇವಿನ ಕೊಂಬೆಗಳೊಳಗಿಂದ ಜೋಳದ ಹೊಲಕ್ಕೆ ಇಳಿದಿತ್ತು. ವಿಜಾಪುರ ಮತ್ತು ತಿಕೋಟಾದ ಪೊಲೀಸರ ಮಾತನ್ನು ಚಲೇಜಾವ್ ಚಳವಳಿಯವರು ಎಲ್ಲಿಂದಲೋ ಕದ್ದು ಕೇಳುತ್ತಿದ್ದರು. ಬೆಳಗಿನಿಂದ ಹುಡುಕುತ್ತಿದ್ದುದು ಇದನ್ನೇ.

"ಏನರ ಸಿಕ್ಕತೇನ್ರಿ ಅಯ್ಯಾರ? ಇನ್ನೂ ಕರಕರ ಅನ್ನಾಕತ್ತೈತಿ!" ಕಂಬದ ಬುಡದಲ್ಲಿ ಪರೀಕ್ಷೆಯ ಫೋನು ಕಿವಿಗಿಟ್ಟುಕೊಂಡಿದ್ದ ಪೊಲೀಸ್ ಫೌಜದಾರ ಕೂಗಿದ.

ತಂತಿ ಜೇನುಗೂಡಿನಂತೆ ಗುನುಗುತ್ತಿತ್ತು. ಆ ಗುಂಗಿನಲ್ಲಿ ಹೊಲ, ಕಂಬ, ಪುಷ್ಯದ ಎಳೆಬಿಸಿಲು ಎಲ್ಲವೂ ತೇಲುತ್ತಿರುವಂತೆ ಅನಿಸಿತು. ತಂತಿ ಕೂಡಿಸುವಾಗ ತಾಮ್ರವನ್ನು ಕೆರೆದು ಬಿಗಿಯಾಗಿ ಹೊಸೆಯಬೇಕು. ಇಲ್ಲಿ ಯಾರೋ ನೂಲಿಗೆ ಹಾಕುವಂತೆ ಎರಡು ಕುಣಿಕೆ ಹಾಕಿ ಬಿಟ್ಟಿದ್ದರು. ಅದಕ್ಕೇ ಈ ಕರಕರ. ಅವನ ಕೈ ತಾನಾಗಿ ಕೊರಳಿನ ಶಿವದಾರಕ್ಕೆ ಹೋಯಿತು. ಮಗಳು ಮುರಿಗೆವ್ವ ಹೊಸೆದು ಕಟ್ಟಿಕೊಟ್ಟ ದಾರ. ಅದೇ ಎರಡು ಕುಣಿಕೆ, ಅದೇ ಎಡಕ್ಕೆ ತಿರುವಿದ ತುದಿ.

ಕೆಳಗೆ ಹೊಲದಲ್ಲಿ, ಗಾಳಿಯಿಲ್ಲದಿದ್ದರೂ, ನಾಲ್ಕು ತೆನೆಗಳು ಅಲುಗಿ ಸುಮ್ಮನಾದವು.

ಗುರುಪಾದಯ್ಯ ಗಂಟು ಬಿಚ್ಚಿದ. ಚಾಕುವಿನಿಂದ ತಾಮ್ರವನ್ನು ಕೆರೆದು, ಮಗಳಿಗೆ ಜಡೆ ಹೆಣೆಯುತ್ತಿದ್ದ ಕಾಲದ ಮೆತ್ತನೆಯ ಕೈಯಲ್ಲಿ, ಆ ಎಳೆಯನ್ನು ಮತ್ತೆ ಅದೇ ತಂತಿಗೆ ಬಿಗಿಯಾಗಿ ಹೊಸೆದ.

"ಹಾಂ! ಕರಕರ ಹೋತು ನೋಡ್ರಿ. ಈಗ ಸ್ವಚ್ಛ ಕೇಳಾಕತ್ತೈತಿ."

"ಹೌದ್ರಿ ಸಾಹೇಬ್ರ," ಗುರುಪಾದಯ್ಯ ತೆನೆಗಳತ್ತ ನೋಡುತ್ತ ಅಂದ, "ಇನ್ನ ಎಲ್ಲಾರಿಗೂ ಸ್ವಚ್ಛ ಕೇಳತೈತ್ರಿ."