ಹೇಳಿ ಬರೆಸಿದ ಪುಸ್ತಕ

ಕಾದಂಬರಿಕಾರರು ಗೊರಕೆ ಹೊಡೆಯುತ್ತಿದ್ದರು. ಪಕ್ಕದಲ್ಲಿ ಸೊಸೆಯ ಬೆರಳುಗಳು ಮಾತ್ರ ಕೀಲಿಮಣೆಯ ಮೇಲೆ ಓಡುತ್ತಲೇ ಇದ್ದವು. ಕೊನೆಯ ಅಧ್ಯಾಯ ಒಯ್ಯಲು ಬಂದು ಅರೆತೆರೆದ ಬಾಗಿಲಲ್ಲಿ ನಿಂತಿದ್ದ ಸಂಪಾದಕಿ ಅದನ್ನು ನೋಡಿಬಿಟ್ಟಳು.

ಹೇಳಿ ಬರೆಸುವುದು ಕಾದಂಬರಿಕಾರರ ಹಳೆಯ ರೂಢಿ. ಕಣ್ಣು ನೆಟ್ಟಗಿದ್ದ ಕಾಲದಲ್ಲೂ ಪೆನ್ನು ಮುಟ್ಟಿದವರಲ್ಲ. ಅವರು ಹೇಳುವುದು, ಹೆಂಡತಿ ಬರೆದುಕೊಳ್ಳುವುದು. ಆಕೆ ತೀರಿಕೊಂಡ ಮೇಲೆ ವರ್ಷಗಟ್ಟಲೆ ಒಂದು ಸಾಲೂ ಹೊರಬರಲಿಲ್ಲ. ದುಃಖವೆಂದರೆ ಹೀಗಿರಬೇಕು ಎಂದು ಊರೆಲ್ಲ ಹೊಗಳಿತು. ಸೊಸೆ ಮನೆಗೆ ಬಂದ ಮೇಲೆ ಮತ್ತೆ ಬರವಣಿಗೆ ಶುರುವಾಗಿತ್ತು.

ಸಂಪಾದಕಿ ಸೊಸೆಯನ್ನು ಅಡುಗೆಮನೆಗೆ ಕರೆದು ನೇರವಾಗಿ ಕೇಳಿದಳು. ಸೊಸೆ ಸುಳ್ಳು ಹೇಳಲಿಲ್ಲ. ಮಾವ ಎರಡು ಮಾತು ಹೇಳಿ ನಿದ್ದೆಹೋಗುತ್ತಾರೆ, ಉಳಿದದ್ದನ್ನು ನಾನೇ ಬರೆಯುತ್ತೇನೆ, ಎದ್ದ ಮೇಲೆ ಇದು ನೀವೇ ಹೇಳಿದ್ದು ಎಂದು ಓದಿ ಹೇಳಿದರೆ ತಲೆದೂಗುತ್ತಾರೆ ಎಂದಳು.

“ಹಾಗಾದ್ರೆ ಲೇಖಕಿ ನೀವೇ,” ಎಂದಳು ಸಂಪಾದಕಿ.

“ಧಾಟಿ ಅವರದು ಮೇಡಂ. ಅವರ ಪುಸ್ತಕ ಓದಿ ಓದಿಯೇ ಕಲ್ತಿದ್ದು. ಹೆಸರೂ ಅವರದ್ದೇ ಇರ್ಲಿ. ತನ್ನ ಕೈಲಿ ಆಗ್ತಿಲ್ಲ ಅಂತ ಗೊತ್ತಾದ್ರೆ ಮಾವ ಬದುಕೋದಿಲ್ಲ.”

ಸಂಪಾದಕಿಗೆ ಬಿಸಿತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆ ಪುಸ್ತಕಗಳನ್ನು ಓದಿಯೇ ಅವಳು ಈ ವೃತ್ತಿಗೆ ಬಂದವಳು. ಅವರನ್ನು ನೋಯಿಸುವ ಧೈರ್ಯವಿಲ್ಲ. ಓದುಗರಿಗೆ ಮೋಸ ಮಾಡಲು ಮನಸ್ಸೂ ಒಪ್ಪದು. ಕೊನೆಗೆ ಸೊಸೆ ಕೈಹಿಡಿದು ತಡೆದರೂ ಕೇಳದೆ ಒಳಗೆ ಹೋದಳು.

ಅವರು ಎದ್ದು ಕೂತಿದ್ದರು. ಮುಖಪುಟಕ್ಕೆ ಯಾರ ಹೆಸರು ಹಾಕಿಸಲಿ ಎಂದು ಮೆಲ್ಲಗೆ ಕೇಳಿದಳು. ಅವರು ಬೆನ್ನಿಗೇ ಬಂದು ನಿಂತಿದ್ದ ಸೊಸೆಯನ್ನು ನೀರು ತರಲು ಕಳಿಸಿದರು.

“ಬರೀತಿರೋದು ಅವಳೇ ಅಂತ ನನಗೆ ಮೊದಲಿಂದ್ಲೂ ಗೊತ್ತು,” ಎಂದರು. “ಅವಳ ಹೆಸರೇ ಹಾಕಿ.”

ಸಂಪಾದಕಿಯ ಕಣ್ಣು ತುಂಬಿತು. ನಿಮ್ಮಷ್ಟು ದೊಡ್ಡ ಲೇಖಕರಿಗೆ ಮಾತ್ರ ಹೀಗೆ ಬಿಟ್ಟುಕೊಡುವ ಮನಸ್ಸು ಬರುತ್ತದೆ ಎಂದಳು. ಹೊಗಳಿಕೆ ಕೇಳಿ ಅವರ ಮುಖ ಕಪ್ಪಿಟ್ಟಿತು.

“ಆ ಹಳೆಯ ಪುಸ್ತಕಗಳನ್ನೆಲ್ಲ ಬರೆದಿದ್ದು ನನ್ನ ಹೆಂಡತಿ,” ಎಂದರು. “ಒಂದಕ್ಕೂ ಅವಳ ಹೆಸರು ಹಾಕಿಸಲಿಲ್ಲ ನಾನು.”